ಹಳೆಯ ಹಾಯಿದೋಣಿಯ ಆಯುಷ್ಯ: ರಿಪೇರಿಯ ಚರಿತ್ರೆಯ ಕೆಲವು ಪುಟಗಳು

(ನಮ್ಮ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹೆಡಿಂಗ್ಲೀ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮವರ ಮನಸ್ಸು ಕ್ರಿಕೆಟ್ ಮೈದಾನದತ್ತ ಓಡುವುದು ಸಹಜವೇ ಆಗಿದೆ. 2002ರ ಆಗಸ್ಟಿನಲ್ಲಿ ಅಲ್ಲಿ ರಾಹುಲ್ ದ್ರಾವಿಡ್ 148 ರನ್ ಗಳಿಸಿದ್ದನ್ನೂ ಅನಿಲ್ ಕುಂಬ್ಳೆ ಏಳು ವಿಕೆಟ್ ಕಿತ್ತಿದ್ದನ್ನೂ ಮರೆತ ಕನ್ನಡಿಗರು ಈ ಸಭೆಯಲ್ಲಿ ಇರಲಾರರು. ಆದರೆ ನಾನು ಇಂದು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ಆ ಮೈದಾನದಿಂದ ಕಾಲ್ನಡಿಗೆಯ ದೂರದಲ್ಲಿರುವ ಆಶ್ ಗ್ರೋವ್ ಎಂಬ ಬೀದಿಗೆ. ಅಲ್ಲಿಯ 6ನೆಯ ಸಂಖ್ಯೆಯ ಮನೆಯಲ್ಲಿ 1884ರ ಜನವರಿ 18ರಂದು ಆರ್ಥರ್ ರಾನ್ಸಮ್ ಜನಿಸಿದರು. ತಂದೆ ಸಿರಿಲ್ ರಾನ್ಸಮ್ ಯಾರ್ಕ್‌ಷೈರ್ ಕಾಲೇಜಿನಲ್ಲಿ, ಅಂದರೆ ಇಂದಿನ ಲೀಡ್ಸ್ ವಿಶ್ವವಿದ್ಯಾಲಯದ ಪೂರ್ವರೂಪದಲ್ಲಿ, ಚರಿತ್ರೆಯ ಪ್ರಾಧ್ಯಾಪಕರು. ಕಡಲು ಇಲ್ಲಿಂದ ಸುಮಾರು ಅರವತ್ತು ಮೈಲಿ. ಹೀಗೆ ನೆಲದ ನಡುವೆ ಹುಟ್ಟಿದ ಮಗು ಮುಂದೆ ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿ ಹಾಯಿದೋಣಿಯ ಹೆಸರಾಂತ ಲೇಖಕನಾಯಿತು. 1930ರಲ್ಲಿ ಪ್ರಕಟವಾದ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಕಾದಂಬರಿಯನ್ನು ತಮ್ಮ ಮಕ್ಕಳು ಇಲ್ಲಿಯ ಗ್ರಂಥಾಲಯಗಳಿಂದ ತಂದು ಓದಿರಲೂಬಹುದು.

ರಾನ್ಸಮ್‌ರ ಸಾಹಿತ್ಯವಿಮರ್ಶೆ ನನ್ನ ಉದ್ದೇಶವಲ್ಲ. ನಾನು ಚರಿತ್ರೆಯ ವಿದ್ಯಾರ್ಥಿ. ಅದರಲ್ಲಿಯೂ ಗಂಗೊಳ್ಳಿಯ ಹೊಳೆಯ ದಡದಲ್ಲಿ ಬೆಳೆದವನು. ಹಡಗನ್ನು ಕಟ್ಟಿದವರ ಹೆಸರು ಇತಿಹಾಸದಲ್ಲಿ ಸಿಗುತ್ತದೆ, ಕಟ್ಟಿಸಿದವರ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ ಸಿಗುತ್ತದೆ. 1796ರಲ್ಲಿ ಟಿಪ್ಪು ಸುಲ್ತಾನನು ನಲವತ್ತು ಯುದ್ಧನೌಕೆಗಳನ್ನು ಕಟ್ಟಬೇಕೆಂದು ಹೊರಡಿಸಿದ ಹುಕುಮನ್ನೂ ಅದರಲ್ಲಿ ಮಂಗಳೂರಿನ ಹಡಗುಕಟ್ಟೆಯ ಪ್ರಸ್ತಾಪವನ್ನೂ ಇತಿಹಾಸಕಾರರು ಬರೆದಿದ್ದಾರೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ನೌಕೆಗಳ ವರ್ಗೀಕರಣ, ಅಳತೆ, ಬಣ್ಣ, ಅಲಂಕಾರಗಳನ್ನು ವಿಸ್ತಾರವಾಗಿ ಹೇಳುತ್ತದೆ. ಆದರೆ ಕಟ್ಟಿ ಇಪ್ಪತ್ತು ವರ್ಷವಾದ ದೋಣಿಯನ್ನು ಇಪ್ಪತ್ತೊಂದನೆಯ ವರ್ಷಕ್ಕೆ ದಾಟಿಸಿದವನು ಯಾರು? ಅವನು ಏನು ಮಾಡಿದ? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಹಳೆಯ ಹಾಯಿದೋಣಿಯ ಚಿಕ್ಕಪುಟ್ಟ ರಿಪೇರಿಯ ಚರಿತ್ರೆಯೇ ಈ ಉಪನ್ಯಾಸದ ವಸ್ತು. ವಿಷಯ ಅಲ್ಪವೆಂದು ತೋರಬಹುದು. ಕರಾವಳಿಯಲ್ಲಿ ನಾವು ಏನನ್ನು ಕಳೆದುಕೊಂಡೆವು, ಈ ನಾಡಿನವರು ಅದನ್ನೇ ಹೇಗೆ ಉಳಿಸಿಕೊಂಡರು ಎಂಬುದು ಈ ಅಲ್ಪವಿಷಯದಲ್ಲಿ ಅಡಗಿದೆಯೆಂದು ನನ್ನ ಭಾವನೆ.

ಮೊದಲು ಮರದ ದೋಣಿ ಹೇಗೆ ಸಾಯುತ್ತದೆಂದು ತಿಳಿಯಬೇಕು. ಅದಕ್ಕೆ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಸಿಹಿನೀರಿನ ತೇವ ಬೇಕು. ಮರದೊಳಗಿನ ತೇವಾಂಶ ಸುಮಾರು ಶೇಕಡ 20ನ್ನು ಮೀರಿ ಹಾಗೆಯೇ ನಿಂತರೆ ಅದು ಬೆಳೆಯತೊಡಗುತ್ತದೆ. ಉಪ್ಪು ಅದಕ್ಕೆ ಒಗ್ಗದು. ಆದ್ದರಿಂದಲೇ ಹಿಂದಿನವರು ಮರದ ಹಡಗುಗಳ ಪಕ್ಕೆಗಳ ನಡುವೆ ಉಪ್ಪನ್ನು ತುಂಬುತ್ತಿದ್ದುದೂ ಉಂಟು. ಮಳೆನೀರು ಮೇಲಿನಿಂದ ಇಳಿಯುತ್ತದೆ: ಅಟ್ಟದ ಹಲಗೆಗಳ ಸಂದಿನಲ್ಲಿ, ಹಾಯಿ ಕಟ್ಟುವ ಕೂವೆಮರ ಅಟ್ಟವನ್ನು ತೂರಿ ಇಳಿಯುವಲ್ಲಿ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ. ಇಳಿದದ್ದು ಗಾಳಿಯಾಡದ ಮೂಲೆಯಲ್ಲಿ ನಿಲ್ಲುತ್ತದೆ. ಬಣ್ಣ ಹೊರಗೆ ಹೊಳೆಯುತ್ತಲೇ ಇರುತ್ತದೆ. ಒಳಗೆ ಮರ ಹುಡಿಯಾಗುತ್ತಿರುತ್ತದೆ. ಅನುಭವಿಗಳು ಸುತ್ತಿಗೆಯ ಹಿಡಿಯಿಂದ ಒಂದೊಂದು ಅಡಿಗೂ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿಮರ ಕಣಕಣನೆನ್ನುತ್ತದೆ, ಕೊಳೆತದ್ದು ಡಬ್ಬೆನ್ನುತ್ತದೆ. ನಮ್ಮಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡುವುದಿಲ್ಲವೆ, ಹಾಗೆಯೇ.

ಎರಡನೆಯ ಶತ್ರು ಕಬ್ಬಿಣ. ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತುಕ್ಕು ಹಿಡಿದ ಮೊಳೆ ಉಬ್ಬಿ ಸುತ್ತಲಿನ ಮರವನ್ನು ಸೀಳುತ್ತದೆ. ತೇಗದ ಎಣ್ಣೆಯಾದರೋ ಕಬ್ಬಿಣವನ್ನು ಕಾಯುತ್ತದೆ. ಪಶ್ಚಿಮ ಕರಾವಳಿಯ ತೇಗಕ್ಕೆ ಬ್ರಿಟಿಷ್ ನೌಕಾಪಡೆ ಅಷ್ಟು ಬೆಲೆ ಕೊಟ್ಟದ್ದಕ್ಕೆ ಇದೂ ಒಂದು ಕಾರಣ. ಮುಂಬಯಿಯ ವಾಡಿಯಾ ಮನೆತನದ ಜಮ್‌ಷೇಟ್‌ಜಿ ಬೊಮನ್‌ಜಿಯವರು ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲೀ’ ಇಂದಿಗೂ ತೇಲುತ್ತಿದೆ. ಅದೂ ದೂರದಲ್ಲೆಲ್ಲೂ ಅಲ್ಲ, ಲೀಡ್ಸಿನಿಂದ ಎರಡು ಗಂಟೆಯೊಳಗೆ ತಲಪಬಹುದಾದ ಹಾರ್ಟ್ಲ್‌ಪೂಲಿನಲ್ಲಿ. 1987ರಲ್ಲಿ ಅಲ್ಲಿಗೆ ತಂದ ಆ ಹಡಗಿನ ಜೀರ್ಣೋದ್ಧಾರ ಮುಗಿಯಲು 2001 ಬಂದಿತು. ತಾವು ಕುಟುಂಬಸಮೇತರಾಗಿ ಒಮ್ಮೆ ನೋಡಿಬರಬೇಕು.

ಇನ್ನು ಸಂದು. ಹಲಗೆಗೂ ಹಲಗೆಗೂ ನಡುವಿನ ಸಂದನ್ನು ನಾರಿನಿಂದ ತುಂಬಿ ಮುಚ್ಚುವುದೇ ದೋಣಿಯ ರಿಪೇರಿಯಲ್ಲಿ ಮುಖ್ಯವಾದ ಕೆಲಸ. ಇಂಗ್ಲೆಂಡಿನಲ್ಲಿ ಇದಕ್ಕೆ ಬಳಸುತ್ತಿದ್ದುದು ಹಳೆಯ ಹಗ್ಗವನ್ನು ಬಿಚ್ಚಿ ಹಿಂಜಿದ, ಡಾಂಬರು ಹತ್ತಿದ ನಾರು. ಅದನ್ನು ಬೆರಳಿನಿಂದ ಹಿಂಜುವ ಕೆಲಸವನ್ನು ವಿಕ್ಟೋರಿಯಾ ಕಾಲದಲ್ಲಿ ಸೆರೆಮನೆಗಳಲ್ಲಿಯೂ ವರ್ಕ್‌ಹೌಸ್ ಎಂಬ ದೀನಾಲಯಗಳಲ್ಲಿಯೂ ಬಡವರಿಂದ ಮಾಡಿಸುತ್ತಿದ್ದರು. ಡಿಕನ್ಸನ ಬಾಲಕ ಆಲಿವರ್ ಟ್ವಿಸ್ಟನಿಗೆ ಮೊದಲು ಹಚ್ಚಿದ ಕೆಲಸವೂ ಅದೇ. ಸಾಮ್ರಾಜ್ಯದ ಹಡಗುಗಳು ಸೋರದಂತೆ ನೋಡಿಕೊಂಡ ನಾರಿನಲ್ಲಿ ಅನಾಥ ಮಕ್ಕಳ ಬೆರಳಿನ ರಕ್ತವೂ ಇದ್ದಿತೆಂದರೆ ಅತಿಶಯೋಕ್ತಿಯಾಗದು.

ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ದಡಕ್ಕೆಳೆದ ದೋಣಿ ಒಣಗಿದಾಗ ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಹೊಸಬನು ಅದನ್ನು ಕಂಡು ಹೆದರಿ, ನಾರನ್ನು ಬಲವಾಗಿ ಬಡಿದು ತುಂಬಿಬಿಡುತ್ತಾನೆ. ದೋಣಿ ನೀರಿಗಿಳಿದು ಹಲಗೆ ಉಬ್ಬಿದಾಗ ಜಾಗವೇ ಇರುವುದಿಲ್ಲ. ಮೊಳೆ ಕಿತ್ತುಬರುತ್ತದೆ, ಇಲ್ಲವೇ ಒಳಗಿನ ಪಕ್ಕೆ ಮುರಿಯುತ್ತದೆ. ಬಲ್ಲವನು ಸ್ವಲ್ಪ ಸಡಿಲವಾಗಿಯೇ ತುಂಬಿ ಉಳಿದದ್ದನ್ನು ನೀರಿಗೆ ಬಿಡುತ್ತಾನೆ. ಮೊದಲೆರಡು ದಿನ ದೋಣಿ ಸೋರಿದರೂ ಅವನು ಗಾಬರಿಯಾಗುವುದಿಲ್ಲ.

ಕನ್ನಡ ಕರಾವಳಿಯ ಕಡೆಗೆ ಬರೋಣ. ಸಂದು ತುಂಬುವ ಈ ಕೆಲಸಕ್ಕೆ ಭಾರತದ ನಾವಿಕರ ಮಾತಿನಲ್ಲಿ ಕಲಾಪತ್ತಿ ಎಂಬ ಹೆಸರಿದೆ. ಪೋರ್ಚುಗೀಸರ ‘ಕಲಾಫಾತೆ’ಯಿಂದ ಇದು ಬಂದಿತೆಂದೂ ಆ ಪೋರ್ಚುಗೀಸ್ ಪದವೇ ಅರಬ್ಬಿಯಿಂದ ಹೋದದ್ದೆಂದೂ ನಿಘಂಟುಕಾರರು ಹೇಳುತ್ತಾರೆ. ಒಂದು ಪದ ಅರಬ್ಬೀ ಸಮುದ್ರದಿಂದ ಮೆಡಿಟರೇನಿಯನ್ನಿಗೆ ಹೋಗಿ, ಆಫ್ರಿಕವನ್ನು ಸುತ್ತಿ ಮತ್ತೆ ಅದೇ ಸಮುದ್ರಕ್ಕೆ ಮರಳಿದೆ. ರಾಜರ ದಂಡಯಾತ್ರೆಗಳಿಗಿಂತ ಇಂಥ ಪದಗಳ ಯಾತ್ರೆ ನನಗೆ ಹೆಚ್ಚು ಹಿಡಿಸುತ್ತದೆ.

ಅದಕ್ಕೂ ಹಿಂದೆ ನಮ್ಮ ಕಡಲಿನಲ್ಲಿ ಮೊಳೆಯಿಲ್ಲದ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದ ಹಡಗುಗಳಿದ್ದವು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದು ಹೋದ ಇಬ್ನ್ ಬತೂತ, ಭಾರತ ಮತ್ತು ಯೆಮನ್ ದೇಶದ ಹಡಗುಗಳನ್ನು ತೆಂಗಿನ ನಾರಿನಿಂದ ಹೊಲಿಯುತ್ತಾರೆಂದು ಬರೆದಿದ್ದಾನೆ. ಹೊಲಿದ ಹಡಗು ಅಲೆಯೊಡನೆ ಬಾಗುತ್ತದೆ, ಮರಳಿಗೆ ತಾಗಿದರೂ ಒಡೆಯದು. ಆದರೆ ಹುರಿ ಸವೆಯುತ್ತದೆ. ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಮೊಳೆಯ ಹಡಗಿನ ಒಂದು ಹಲಗೆ ಬದಲಿಸುವುದು ಕಷ್ಟ. ಹೊಲಿದ ಹಡಗನ್ನು ಹಳೆಯ ಬಟ್ಟೆಯಂತೆ ಬಿಚ್ಚಿ ಕೂಡಿಸಬಹುದು. ರಿಪೇರಿಯನ್ನು ಮೊದಲೇ ಮನಸ್ಸಿನಲ್ಲಿಟ್ಟು ಕಟ್ಟಿದ ಹಡಗು ಅದು. ಯುರೋಪಿನ ಪ್ರವಾಸಿಗಳು ಕೆಲವರು ಅದನ್ನು ದುರ್ಬಲವೆಂದು ಹಳಿದರು. ಅವರ ಮಾತನ್ನು ನಾವು ಪೂರ್ತಿ ಒಪ್ಪಬೇಕಾಗಿಲ್ಲ.

ಈಚಿನ ಕಾಲದ ಮಂಜಿ, ಪತ್ತೆಮಾರಿ, ಮಚ್ವೆಗಳು ಮೊಳೆಯ ಹಡಗುಗಳೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಬೆಳೆದ ಮೇಲೆ ಹೆಂಚು ಹೇರಿಕೊಂಡು ಕರಾವಳಿಯುದ್ದಕ್ಕೂ ಓಡಾಡಿದವು ಇಂಥ ಹಾಯಿಹಡಗುಗಳು. ಇವುಗಳ ಪಂಚಾಂಗವನ್ನು ಮಳೆಗಾಲವೇ ಬರೆಯುತ್ತಿತ್ತು. ಜ್ಯೇಷ್ಠದಲ್ಲಿ ಕಡಲು ಮುಚ್ಚುತ್ತಲೇ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲಿನ ಹೊದಿಕೆ ಹಾಕುತ್ತಿದ್ದರು. ಮಳೆನೀರು ಅಟ್ಟದೊಳಗಿಳಿಯಬಾರದೆಂಬ ಮೇಲಿನ ತತ್ತ್ವವನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆಯ ಸಮುದ್ರಪೂಜೆಯ ಹೊತ್ತಿಗೆ ದೋಣಿ ಸಿದ್ಧವಾಗಬೇಕು. ಸಂದಿಗೆ ಹತ್ತಿಯ ಬತ್ತಿ. ಅದರ ಮೇಲೆ ಎಣ್ಣೆಯಲ್ಲಿ ಕಾಸಿದ ರಾಳ, ಘಟ್ಟದ ಸಾಲಧೂಪದ ಮರದಿಂದ ಇಳಿಸಿದ್ದು. ಮೈಗೆ ಬೂತಾಯಿ ಮೀನಿನ ಎಣ್ಣೆ, ಇಲ್ಲವೇ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ನೀರಿನಡಿಯ ಭಾಗಕ್ಕೆ ಮರಕೊರೆಯುವ ಹುಳು ಹತ್ತದಂತೆ ಕೊಬ್ಬು ಬೆರೆಸಿದ ಸುಣ್ಣ. ಕೂವೆಮರಕ್ಕೆ ಸುರಹೊನ್ನೆಯ ಜಾತಿಯ ನೀಳ ಮರಗಳು ಕೊಡಗು ಮತ್ತು ಕೆನರಾದ ಕಾಡುಗಳಿಂದ ಬರುತ್ತಿದ್ದವು. ಎಲ್ಲವೂ ನೂರು ಮೈಲಿಯೊಳಗೆ ಸಿಗುವ ಸಾಮಗ್ರಿ. ಆ ಮೀನೆಣ್ಣೆಯ ವಾಸನೆಯನ್ನು ಮಾತ್ರ ಒಮ್ಮೆ ಮೂಸಿದವರು ಜನ್ಮಪೂರ್ತಿ ಮರೆಯಲಾರರು!

1950ರ ದಶಕದ ಕೊನೆಯಿಂದ ಕರ್ನಾಟಕದ ಕರಾವಳಿಗೆ ಯಂತ್ರದ ದೋಣಿಗಳು ಬಂದವು. ಹಾಯಿ ಕ್ರಮೇಣ ಕೆಳಗಿಳಿಯಿತು. ಇದಕ್ಕೆ ಕಣ್ಣೀರು ಸುರಿಸುವುದು ನನ್ನ ಕೆಲಸವಲ್ಲ. ಗಾಳಿಯ ಮರ್ಜಿಯನ್ನು ಕಾಯದೆ ಮನೆ ಸೇರುವ ಅನುಕೂಲವನ್ನು ಮೀನುಗಾರನಿಗೆ ಬೇಡವೆನ್ನಲು ನಾವು ಯಾರು? ಆದರೆ ಯಂತ್ರ ಈ ದೇಶಕ್ಕೂ ಬಂದಿತು, ನಮಗಿಂತ ಮೊದಲೇ ಬಂದಿತು. ಆದರೂ ಇಲ್ಲಿ ನೂರು ವರ್ಷದ ಹಾಯಿದೋಣಿಗಳು ಉಳಿದಿವೆ, ನಮ್ಮಲ್ಲಿ ಪತ್ತೆಮಾರಿಯನ್ನು ನೋಡಬೇಕಾದರೆ ಹಳೆಯ ಛಾಯಾಚಿತ್ರವನ್ನೋ ವಸ್ತುಸಂಗ್ರಹಾಲಯದ ಮಾದರಿಯನ್ನೋ ಹುಡುಕಬೇಕು. ಈ ಅಂತರಕ್ಕೆ ಬಡತನವೊಂದೇ ಕಾರಣವೆಂದು ನನಗೆ ತೋರುವುದಿಲ್ಲ.

ಇಲ್ಲಿಯ ಮಧ್ಯಮವರ್ಗದ ಓದುಬಲ್ಲ ಜನ ಉಳಿ-ಸುತ್ತಿಗೆ ಹಿಡಿಯಲು ಕಲಿತದ್ದು ಒಂದು ಮುಖ್ಯ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಹಾರನೌಕೆ ಶ್ರೀಮಂತರ ಸ್ವತ್ತು. ಸಂಬಳದ ನಾವಿಕರೇ ಅದನ್ನು ನಡೆಸುವರು, ಅವರೇ ಸರಿಪಡಿಸುವರು. ಶತಮಾನದ ಕೊನೆಯ ಭಾಗದಲ್ಲಿ ವಕೀಲರು, ಪತ್ರಕರ್ತರು, ಗುಮಾಸ್ತರು ಹಳೆಯ ಚಿಕ್ಕ ದೋಣಿಗಳನ್ನು ಅಗ್ಗದಲ್ಲಿ ಕೊಂಡು ತಾವೇ ದುರಸ್ತಿ ಮಾಡಿ ತಾವೇ ನಡೆಸತೊಡಗಿದರು. ಅಂಥವರ ಕ್ರೂಸಿಂಗ್ ಕ್ಲಬ್ ಸ್ಥಾಪನೆಯಾದದ್ದು 1880ರಲ್ಲಿ. ಪತ್ರಕರ್ತ ಇ. ಎಫ್. ನೈಟ್ ಎಂಬಾತ ಪಿ ಅಂಡ್ ಓ ಕಂಪನಿಯ ಹಡಗೊಂದರ ಹಳೆಯ ಲೈಫ್‌ಬೋಟನ್ನು ಕೊಂಡು, ಹಾಯಿ ಕಟ್ಟಿಸಿ, ಬಾಲ್ಟಿಕ್ ಸಮುದ್ರಕ್ಕೆ ಹೋಗಿ ಬಂದು 1889ರಲ್ಲಿ ಪುಸ್ತಕ ಪ್ರಕಟಿಸಿದ. ಅಮೆರಿಕದಲ್ಲಿ ಜೋಶುವಾ ಸ್ಲೋಕಮ್ ಎಂಬ ಕೆಲಸ ಕಳೆದುಕೊಂಡ ಕಪ್ತಾನನಿಗೆ 1892ರಲ್ಲಿ ಗೆಳೆಯನೊಬ್ಬ ಒಂದು ದೋಣಿ ಕೊಡುತ್ತೇನೆಂದ. ಹೋಗಿ ನೋಡಿದರೆ ಹೊಲದಲ್ಲಿ ಊರೆ ಕೊಟ್ಟು ನಿಲ್ಲಿಸಿದ, ಲಡ್ಡಾದ ‘ಸ್ಪ್ರೇ’. ಓಕ್ ಮರವನ್ನು ತಾನೇ ಕಡಿದು ಒಂದೊಂದೇ ಹಲಗೆ ಬದಲಿಸಿ ಹದಿಮೂರು ತಿಂಗಳಲ್ಲಿ ಅದನ್ನು ಹೊಸದು ಮಾಡಿದ. ಸಾಮಗ್ರಿಗೆ ತಗುಲಿದ ವೆಚ್ಚ 553 ಡಾಲರ್ 62 ಸೆಂಟ್. 1895ರಲ್ಲಿ ಹೊರಟು 1898ರಲ್ಲಿ ಮರಳಿದಾಗ ಅವನು ಭೂಮಿಯನ್ನು ಒಂಟಿಯಾಗಿ ಹಾಯಿದೋಣಿಯಲ್ಲಿ ಸುತ್ತಿದ ಮೊದಲ ಮನುಷ್ಯನಾಗಿದ್ದ. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಹಳೆಯ ಸ್ಪ್ರೇಯೋ ಹೊಸದೋ ಎಂದು ತರ್ಕಶಾಸ್ತ್ರಿಗಳು ಜಗಳವಾಡಬಹುದು. ಸ್ಲೋಕಮ್ಮನಿಗೆ ಆ ಸಂಶಯವಿರಲಿಲ್ಲ.

ಸ್ಲೋಕಮ್ಮನ ಆ ಪ್ರವಾಸಕಥನ 1948ರಲ್ಲಿ ಇಂಗ್ಲೆಂಡಿನಲ್ಲಿ ಮರುಮುದ್ರಣವಾದಾಗ ಅದಕ್ಕೆ ಮುನ್ನುಡಿ ಬರೆದವರು ನಮ್ಮ ಹೆಡಿಂಗ್ಲೀಯ ರಾನ್ಸಮ್. ಅವರೂ ಇದೇ ಪರಂಪರೆಯವರು. ಪತ್ರಕರ್ತರಾಗಿ ರಷ್ಯಾ ಮತ್ತು ಬಾಲ್ಟಿಕ್ ದೇಶಗಳಲ್ಲಿದ್ದಾಗ 1920ರಲ್ಲಿ ಕೊಂಡ ಚಿಕ್ಕ ದೋಣಿಗೆ ‘ಸ್ಲಗ್’, ಎಂದರೆ ಚಿಪ್ಪಿಲ್ಲದ ಬಸವನಹುಳು, ಎಂದು ಹೆಸರು. ಆ ಮೇಲೆ ರೀಗಾದಲ್ಲಿ ಕಟ್ಟಿಸಿದ ‘ರಾಕುಂಡ್ರಾ’ ಮಾತುಕೊಟ್ಟ ದಿನಕ್ಕೆ ಮುಗಿಯದೆ, 1922ರ ಆಗಸ್ಟಿನಲ್ಲಿ ಅರೆಬರೆಯಾಗಿಯೇ ಕೈಸೇರಿತು. ದೋಣಿ ಕಟ್ಟುವವರೂ ಮನೆ ಕಟ್ಟುವವರೂ ಈ ವಿಷಯದಲ್ಲಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ.

ರಾನ್ಸಮ್‌ರ ಮಕ್ಕಳ ಕಾದಂಬರಿಗಳಲ್ಲಿ ರಿಪೇರಿಗೆ ಸಿಗುವ ಗೌರವ ಗಮನಾರ್ಹವಾದದ್ದು. 1931ರ ‘ಸ್ವಾಲೋಡೇಲ್’ನಲ್ಲಿ ಸ್ವಾಲೋ ದೋಣಿ ಬಂಡೆಗೆ ಬಡಿದು ಮುಳುಗುತ್ತದೆ. ಹುಡುಗ ಜಾನ್ ನೀರಿಗೆ ಮುಳುಗಿ ಒಳಗಿನ ಭಾರವನ್ನು ಒಂದೊಂದಾಗಿ ಎತ್ತಿ ತೆಗೆಯುತ್ತಾನೆ. ದೋಣಿಯನ್ನು ದಡಕ್ಕೆಳೆದು, ಒಡಕಿಗೆ ತಾತ್ಕಾಲಿಕ ತೇಪೆ ಹಾಕಿ ಬಡಗಿಗಳ ಬಳಿಗೆ ಸಾಗಿಸುತ್ತಾರೆ. ದೊಡ್ಡ ಒಡಕು ಬಡಗಿಗಳಿಗೆ. ಮುರಿದ ಕೂವೆಮರದ ಬದಲು ಹೊಸದನ್ನು ಹುಡುಗನೇ ಕೀಸುಳಿ ಹಿಡಿದು ತಯಾರಿಸಿ, ಅಗಸೆ ಎಣ್ಣೆ ತಿಕ್ಕುತ್ತಾನೆ. ಯಾವ ಕೆಲಸವನ್ನು ತಾನು ಮಾಡಬಹುದು, ಯಾವುದನ್ನು ಬಲ್ಲವರಿಗೆ ಬಿಡಬೇಕು ಎಂಬ ವಿವೇಕವನ್ನು ಇಷ್ಟು ಸಹಜವಾಗಿ ಕಲಿಸುವ ಮಕ್ಕಳ ಪುಸ್ತಕ ಇನ್ನೊಂದು ನನಗೆ ಗೊತ್ತಿಲ್ಲ. ‘ದ ಬಿಗ್ ಸಿಕ್ಸ್’ (1940) ಕಾದಂಬರಿಯಲ್ಲಿಯಂತೂ ದೋಣಿಬಡಗಿಗಳ ಮೂವರು ಮಕ್ಕಳು ಹಳೆಯ ದೋಣಿಯೊಂದಕ್ಕೆ ತಾವೇ ಕೋಣೆ ಕಟ್ಟಿ ಒಲೆ ಹೂಡಿಕೊಂಡು ವಾಸಿಸುತ್ತಾರೆ.

ದುಡಿಮೆಯ ದೋಣಿಗಳನ್ನೂ ಹೀಗೆಯೇ ಉಳಿಸಿಕೊಂಡರು. ಏರ್ ನದಿಯ ಜಲಮಾರ್ಗದಲ್ಲಿ ಲೀಡ್ಸಿನವರೆಗೆ ಸರಕು ತರುತ್ತಿದ್ದ, ಚೌಕ ಹಾಯಿಯ ‘ಹಂಬರ್ ಕೀಲ್’ ದೋಣಿಗಳು ನಮ್ಮ ಮಂಜಿಗಳ ಸೋದರಬಂಧುಗಳೆನ್ನಬಹುದು. ಅವು ಕಣ್ಮರೆಯಾಗುತ್ತಿದ್ದಾಗ 1974ರಲ್ಲಿ ಆಸಕ್ತರು ಸಂಘ ಕಟ್ಟಿ, 1923ರ ‘ಕಾಮ್ರೇಡ್’ ಮತ್ತು 1914ರ ‘ಏಮಿ ಹೌಸನ್’ ಎಂಬೆರಡನ್ನು ಕೊಂಡು ಮತ್ತೆ ಹಾಯಿ ಏರಿಸಿದರು. ದುಡಿದವರು ಸ್ವಯಂಸೇವಕರು.

ನಮ್ಮಲ್ಲಿ ಏಕೆ ಹೀಗಾಗಲಿಲ್ಲ? ಕರಾವಳಿಯಲ್ಲಿ ಉಳಿ ಹಿಡಿಯುವ ಕೈಗೂ ಲೇಖನಿ ಹಿಡಿಯುವ ಕೈಗೂ ನಡುವೆ ಎತ್ತರದ ಗೋಡೆಯಿತ್ತು. ದೋಣಿಯ ಕೆಲಸ ದೋಣಿಯ ಆಚಾರಿಗಳದು, ಮೊಗವೀರರು, ಖಾರ್ವಿಗಳು ಮೊದಲಾದ ಕಡಲ ಜನರದು. ಶಾಲೆ ಕಲಿತವನು ಕಲಾಪತ್ತಿಯ ಉಳಿ ಮುಟ್ಟಿದರೆ ಮನೆಯವರಿಗೆ ಅವಮಾನ. ಕಡಲ ಜನರ ಮಕ್ಕಳೇ ಓದಿ ಮುಂದೆ ಬಂದಾಗ, ಆ ಉಳಿಯಿಂದ ಬಿಡುಗಡೆ ಪಡೆಯುವುದೇ ಅವರ ಓದಿನ ಗುರಿಯಾಗಿದ್ದುದು ಸಹಜ. ಅದಕ್ಕಾಗಿ ಅವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಕಸುಬು ಹೊಟ್ಟೆ ಹೊರೆಯುವವರೆಗೆ ವಿದ್ಯೆ ಇತ್ತು. ಕಸುಬು ನಿಂತ ದಿನ ಅದನ್ನು ಹವ್ಯಾಸವಾಗಿಯಾದರೂ ಎತ್ತಿಕೊಳ್ಳಲು ಗೋಡೆಯ ಈಚೆ ಬದಿಯಲ್ಲಿ ಯಾರೂ ಇರಲಿಲ್ಲ. ಈಗ ಮರದ ಸಣ್ಣ ದೋಣಿಗಳ ಮೇಲೂ ಫೈಬರ್ ಹೊದಿಕೆ ಬಂದಿದೆ. ಅದು ಹೊರನೀರನ್ನು ತಡೆಯುತ್ತದೆ, ಒಳಗೆ ಸಿಕ್ಕಿದ ನೀರನ್ನೂ ಹೊರಗೆ ಬಿಡದು. ಅಡಿಯ ಮರ ಸದ್ದಿಲ್ಲದೆ ಕೊಳೆಯುತ್ತದೆ. ಇಲ್ಲಿಯ ಹಳೆಯ ದೋಣಿಗಳಲ್ಲಿಯೂ ಆತುರದವರು ಇದೇ ಹೊದಿಕೆ ಹಾಕಿ ಕೆಡಿಸಿದ ನಿದರ್ಶನಗಳುಂಟು.

ಕೊನೆಯದಾಗಿ ಒಂದು ದೋಣಿಯ ಕಥೆ. 1931ರಲ್ಲಿ ಲಿಟ್ಲ್‌ಹ್ಯಾಂಪ್ಟನ್ನಿನ ಹಿಲ್ಯರ್ಡ್ ಕಟ್ಟೆಯಲ್ಲಿ ತಯಾರಾದ 28 ಅಡಿಯ ದೋಣಿಯೊಂದನ್ನು ರಾನ್ಸಮ್ 1934ರಲ್ಲಿ ಕೊಂಡು, ತಮ್ಮ ಕಥೆಗಳ ಧೀರ ಬಾಲಕಿಯ ಹೆಸರನ್ನೇ ಇಟ್ಟು ‘ನ್ಯಾನ್ಸಿ ಬ್ಲ್ಯಾಕೆಟ್’ ಎಂದು ಕರೆದರು. 1937ರ ‘ವಿ ಡಿಡ್‌ಂಟ್ ಮೀನ್ ಟು ಗೋ ಟು ಸೀ’ ಕಾದಂಬರಿಯಲ್ಲಿ ಮಕ್ಕಳನ್ನು ಹೊತ್ತು ಉತ್ತರ ಸಮುದ್ರ ದಾಟುವ ‘ಗಾಬ್ಲಿನ್’ ಇದೇ ದೋಣಿ. ಬರೆಯುವ ಮುಂಚೆ ಅವರು ಸ್ವತಃ ಇದರಲ್ಲಿ ಹಾಲೆಂಡಿನ ಫ್ಲಷಿಂಗ್ ಬಂದರಿಗೆ ಹೋಗಿ ಬಂದಿದ್ದರು. ಮರುವರ್ಷ ಮಾರಿಬಿಟ್ಟರು. ಕೈಯಿಂದ ಕೈಗೆ ಹೋದ ದೋಣಿ ಕಟ್ಟಕಡೆಗೆ ನಮ್ಮ ಯಾರ್ಕ್‌ಷೈರಿನದೇ ಆದ ಸ್ಕಾರ್ಬರೋ ಬಂದರಿನಲ್ಲಿ ನಿಂತಲ್ಲೇ ಕೊಳೆಯತೊಡಗಿತು. 1980ರ ದಶಕದ ಕೊನೆಯಲ್ಲಿ ಮೈಕೆಲ್ ರೈನ್ಸ್ ಎಂಬ ಓದುಗ ಅದನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದರು. 1997ರಲ್ಲಿ ಅಭಿಮಾನಿಗಳು ಹಣ ಕೂಡಿಸಿ ಟ್ರಸ್ಟ್ ರಚಿಸಿಕೊಂಡು ಅದನ್ನು ತಮ್ಮದಾಗಿಸಿಕೊಂಡರು. ಬೇಸಗೆಯಲ್ಲಿ ಸದಸ್ಯರು ಅದರಲ್ಲಿ ಇಂದಿಗೂ ಹಾಯಿ ಏರಿಸುತ್ತಾರೆ; ಚಳಿಗಾಲ ರಿಪೇರಿಗೆ ಮೀಸಲು.

ಪತ್ತೆಮಾರಿಯೊಂದನ್ನು ಹೀಗೆ ಕೊಂಡು ಉಳಿಸುವ ಕಾಲ ನಮಗೆ ಮೀರಿಹೋಗಿರಬಹುದು. ಪದಗಳಿಗೆ ಇನ್ನೂ ಮೀರಿಲ್ಲ. ಈ ಸಭೆಯಲ್ಲಿ ಕಾರವಾರ, ಭಟ್ಕಳ, ಕುಂದಾಪುರ, ಮಲ್ಪೆ, ಕಾಸರಗೋಡುಗಳ ಕಡೆಯವರು ಕೆಲವರಾದರೂ ಇದ್ದೀರಿ. ಮುಂದಿನ ಸಲ ಊರಿಗೆ ಹೋದಾಗ ದೋಣಿಯ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕಂಡು, ದೋಣಿಯ ಒಂದೊಂದು ಅಂಗಕ್ಕೆ, ಒಂದೊಂದು ಉಳಿಗೆ, ಸಂದಿಗೆ ತುಂಬುವ ಒಂದೊಂದು ವಸ್ತುವಿಗೆ ಅವರು ಹೇಳುವ ಹೆಸರನ್ನು, ಕನ್ನಡವಿರಲಿ, ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿ ಭಾಷೆಯಿರಲಿ, ಕೇಳಿದ ಹಾಗೆಯೇ ಬರೆದು ತನ್ನಿರೆಂದು ಪ್ರಾರ್ಥಿಸುತ್ತೇನೆ. ಸಂಪಾದಕರು ಈ ಪತ್ರಿಕೆಯಲ್ಲಿ ಅರ್ಧ ಪುಟ ಬಿಟ್ಟುಕೊಡಲು ಒಪ್ಪಿದ್ದಾರೆ.